ಸೈಟು ನೋಡಲು ಮಳೆಗಾಲದಲ್ಲಿ ಹೋಗು

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ರಾಮನಗರದಲ್ಲೇ ಕಟ್ಟಿಕೊಳ್ಳುತ್ತೇನೆ, ದಿನಾ ರೈಲಿನಲ್ಲಿ ಓಡಾಡುತ್ತೇನೆ ಅಂದೆಯಲ್ಲ, ಸಂತೋಷ ಕಣಪ್ಪ. ಸುಮಾರು ಐವತ್ತು ಕಿಲೋಮೀಟರ್ ದಾರಿ. ಪಾಸು ಮಾಡಿಸಿಕೊಂಡು ಎಷ್ಟೋ ಜನ ಹಾಗೇ ಸಂಸಾರ ನಡೆಸುತ್ತಿದ್ದಾರೆ. ಸಾಲ, ಬಡ್ಡಿಯ ಲೆಕ್ಕ ನಿನಗೇ ಚೆನ್ನಾಗಿ ಗೊತ್ತು. ನಾನು ಹೇಳುವುದು ಸೈಟಿನ ವಿಚಾರ ಮಾತ್ರ.

ಬ್ರೋಕರ್ ನಿನ್ನನ್ನು ಬೇಸಿಗೆಯಲ್ಲೇ ಕರೆದುಕೊಂಡು ಹೋಗುತ್ತಾನೆ. ‘ಶೋಲೆ ತೆಗೆದ ಬೆಟ್ಟ ಇದೇ ಸಾರ್’ ಅಂತ ಕೈ ತೋರಿಸುತ್ತಾನೆ. ನೀನು ಜೋರು ಮಳೆಯಾದ ಮಾರನೆಯ ದಿನ ಒಬ್ಬನೇ ಹೋಗಿ ನೋಡು. ಈ ಬೆಟ್ಟಗಳದ್ದು ಸುಮಾರು 250 ಕೋಟಿ ವರ್ಷದ ಕಲ್ಲು. ಊರಿನ ಹಳೆಯ ಹೆಸರಿನಲ್ಲಿ ಅದನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತಾರೆ. ಬರೀ ಬಂಡೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲ ಸರ್ರನೆ ಇಳಿದು, ಹಳ್ಳ ಹಿಡಿದು, ಕೆರೆಗೋ ಅರ್ಕಾವತಿಗೋ ಸೇರಬೇಕು. ಆ ಹಳ್ಳಕ್ಕೇ ಮಣ್ಣು ಹೊಡೆಸಿ ಲೇಔಟ್ ಮಾಡಿದರೆ ನೀರು ಎಲ್ಲಿಗೆ ಹೋಗಬೇಕು? 2022ರ ಆಗಸ್ಟ್ ಕೊನೆಯ ಮಳೆಗೆ ಇಲ್ಲಿ ಹೊಸ ಹೆದ್ದಾರಿಯೇ ಮುಳುಗಿ ಬಸ್ಸು, ಕಾರುಗಳು ನೀರಿನಲ್ಲಿ ನಿಂತಿದ್ದವು. ದೊಡ್ಡ ದೊಡ್ಡ ಇಂಜಿನಿಯರುಗಳು ಕಟ್ಟಿದ ರಸ್ತೆಯ ಗತಿಯೇ ಹಾಗಾದರೆ ನಿನ್ನ ಮೂವತ್ತು ನಲವತ್ತರ ಸೈಟಿನದೇನು!

ಕಾಂಪೌಂಡಿನ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡು. ಪಕ್ಕದ ಹಿಪ್ಪುನೇರಳೆ ತೋಟದವರನ್ನು ನೀರು ಯಾವ ಕಡೆಯಿಂದ ಬರುತ್ತದೆ ಅಂತ ಕೇಳು; ಅವರಿಗೆ ಕಮಿಷನ್ ಇಲ್ಲ, ನಿಜ ಹೇಳುತ್ತಾರೆ. ಖಾತೆ, ಪರಿವರ್ತನೆ ಆದೇಶ ಸರಿಯಾಗಿದ್ದರೂ ಹಳೆಯ ಗ್ರಾಮ ನಕ್ಷೆ ತೆಗೆಸು. ನಕ್ಷೆಯಲ್ಲಿರುವ ಹಳ್ಳ ನೆಲದ ಮೇಲೆ ಕಾಣದಿದ್ದರೆ ಅಡ್ವಾನ್ಸ್ ಕೊಡಬೇಡ.

ಬೆಟ್ಟಕ್ಕೆ ಅಂಟಿಕೊಂಡ ಜಾಗವಂತೂ ಬೇಡವೇ ಬೇಡ. ರಾಮದೇವರ ಬೆಟ್ಟದ ಬಂಡೆಯಂಚಿನಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ, ಅದಕ್ಕೆಂದೇ 2012ರಲ್ಲಿ ಧಾಮ ಮಾಡಿದರು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು. ಪಾಯಕ್ಕೆ ಬಂಡೆ ಸಿಡಿಸುವ ಸದ್ದಿಗೆ ಅದು ಜಾಗ ಬಿಟ್ಟರೆ ಮತ್ತೆ ಕರೆಸುವುದು ನಿನ್ನ ಕೈಲೂ ಆಗದು, ನನ್ನ ಕೈಲೂ ಆಗದು.

ಇನ್ನೊಂದು. ಗೃಹಪ್ರವೇಶ ಮುಗಿಸಿದವರೇ ‘ರೇಷ್ಮೆಗೂಡು ಬೇಯಿಸುವ ವಾಸನೆ ತಡೆಯಲಾಗುತ್ತಿಲ್ಲ’ ಅಂತ ನಗರಸಭೆಗೆ ಅರ್ಜಿ ಹಿಡಿದು ಓಡುತ್ತಾರೆ. ನೀನು ಆ ಸಾಲಿಗೆ ಸೇರಬೇಡ. ಗೂಡಿನ ಮಾರುಕಟ್ಟೆಯಿಂದ, ನೂಲು ಬಿಚ್ಚುವವರಿಂದ ಬೆಳೆದ ಊರು ಇದು. ಬಿಸಿನೀರಿನ ಬಾನಿಯಲ್ಲಿ ಬೆರಳು ಅದ್ದಿ ಎಳೆ ಹುಡುಕುವ ಹೆಂಗಸರು ನಿನಗಿಂತ ಮೊದಲು ಇಲ್ಲಿದ್ದಾರೆ. ಹಣ ಕಟ್ಟುವ ಮೊದಲೇ ಆ ಬೀದಿಯಲ್ಲಿ ಒಂದು ಸಂಜೆ ಓಡಾಡು. ಘಾಟು ಒಗ್ಗದಿದ್ದರೆ ಕೆಂಗೇರಿಯಲ್ಲಿ ಬಾಡಿಗೆಗಿರು, ಅದರಲ್ಲೇನೂ ಅವಮಾನವಿಲ್ಲ.