ತಂತಿವಾದ್ಯ ನುಡಿಸುವವರ ಉಗುರು

ಕತ್ತರಿಸಿದರೂ ನೋವಾಗದ ಅಂಗಗಳು ನಮ್ಮ ದೇಹದಲ್ಲಿ ಎರಡೇ. ಒಂದು ಕೂದಲು, ಇನ್ನೊಂದು ಉಗುರು. ಎರಡೂ ಕೆರಾಟಿನ್ ಎಂಬ ಒಂದೇ ಬಗೆಯ ಪದಾರ್ಥದಿಂದ ಆದವು. ದನದ ಕೊಂಬಿನ ಹೊರಹೊದಿಕೆ, ಕುದುರೆಯ ಗೊರಸು ಇವು ಕೂಡ ಅದೇ ಪದಾರ್ಥದವು. ಉಗುರು ತುದಿಯಲ್ಲಿ ಬೆಳೆಯುತ್ತದೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಅದು ಹುಟ್ಟುವುದು ಬುಡದಲ್ಲಿ, ಚರ್ಮದ ಕೆಳಗೆ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಅರ್ಧಚಂದ್ರಾಕಾರದ ಬಿಳಿಯ ಭಾಗವೊಂದು ಕಾಣುತ್ತದೆಯಲ್ಲವೆ? ಉಗುರನ್ನು ಹುಟ್ಟಿಸುವ ಸ್ಥಳದ ಅಂಚು ಅದು. ಅಲ್ಲಿ ಹುಟ್ಟಿದ್ದು ನಿಧಾನವಾಗಿ ಮುಂದಕ್ಕೆ ತಳ್ಳಲ್ಪಟ್ಟು ತುದಿಗೆ ಬರುತ್ತದೆ.

ಬೆಳ್ಳಕ್ಕಿಗಳ ಸಾಲು ಹಾರಿಹೋಗುವಾಗ ಉಗುರುಗಳನ್ನು ಒಂದಕ್ಕೊಂದು ಉಜ್ಜಿದರೆ ಉಗುರಿನ ಮೇಲೆ ಬಿಳಿಯ ಹೂ ಮೂಡುತ್ತದೆಂದು ನಮ್ಮ ಕಡೆಯ ಮಕ್ಕಳು ನಂಬುವುದುಂಟು. ಈ ಊರಿನ ತಮಿಳು ಮಕ್ಕಳು ಸಹ ಕೊಕ್ಕರೆಯನ್ನು ಕುರಿತು ಹೂ ಬೇಡುತ್ತಾರೆ. ಭಾಷೆ ಬೇರೆಯಾದರೂ ಆಟ ಒಂದೇ! ಆ ಬಿಳಿಯ ಚುಕ್ಕೆ ಸಾಮಾನ್ಯವಾಗಿ ಬುಡಕ್ಕೆ ಎಂದೋ ಬಿದ್ದ ಸಣ್ಣ ಪೆಟ್ಟಿನ ಗುರುತು. ಉಗುರು ಬೆಳೆದಂತೆ ಅದೂ ಮುಂದೆ ಸರಿದು ಕೊನೆಗೆ ಕತ್ತರಿಗೆ ಸಿಕ್ಕಿಹೋಗುತ್ತದೆ.

ಇಷ್ಟು ಪೀಠಿಕೆ ಸಾಕು. ಈಚಿನ ಕೆಲವು ವರ್ಷಗಳಿಂದ ನಮ್ಮ ನುಂಗಂಬಾಕ್ಕಂ ಬಡಾವಣೆಯಲ್ಲಿ ಸಂಜೆಯ ಹೊತ್ತು ಸಂಗೀತಪಾಠಕ್ಕೆ ಹೋಗುವ ಮಕ್ಕಳ ಹೆಗಲಲ್ಲಿ ಯುಕುಲೇಲಿ ಎಂಬ ಪುಟ್ಟ ವಾದ್ಯವನ್ನು ಕಾಣಬಹುದಾಗಿದೆ. ವೀಣೆ ಕಲಿಯುವವರಂತೂ ಈ ನಗರದಲ್ಲಿ ಹಿಂದಿನಿಂದಲೂ ಇದ್ದಾರೆ. ಇಬ್ಬರೂ ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ: “ಸಾರ್, ಉಗುರು ಬೆಳೆಸಬೇಕೋ ಬೇಡವೋ?” ನಾನು ಕನ್ನಡದ ಉಪಾಧ್ಯಾಯ, ಸಂಗೀತದವನಲ್ಲ. ಆದರೆ ಸೋಮವಾರದ ಪ್ರಾರ್ಥನೆಯ ಹೊತ್ತಿನಲ್ಲಿ ನಿಮ್ಮ ಉಗುರುಗಳನ್ನು ಪರೀಕ್ಷಿಸುವವನು ನಾನೇ ಆದ್ದರಿಂದ, ಉತ್ತರ ಹೇಳುವ ಹೊಣೆ ನನಗೂ ಇದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಂತಿವಾದ್ಯದಲ್ಲಿ ಎರಡು ಕೈಗಳ ಕೆಲಸ ಬೇರೆ ಬೇರೆ. ಆದುದರಿಂದ ಎರಡು ಕೈಗಳ ಉಗುರಿನ ಅಳತೆಯೂ ಬೇರೆ ಬೇರೆ.

ಯುಕುಲೇಲಿಯನ್ನು ನೋಡದವರಿಗಾಗಿ ಒಂದೆರಡು ಮಾತು. ಗಿಟಾರಿನ ಮರಿಯಂತೆ ಕಾಣುವ ಇದಕ್ಕೆ ನಾಲ್ಕೇ ತಂತಿ. ಅತಿ ಸಣ್ಣ ಜಾತಿಯದು ಸುಮಾರು 21 ಅಂಗುಲ ಉದ್ದ. ತಂತಿ ಲೋಹದ್ದಲ್ಲ, ನೈಲಾನಿನಂಥ ಮೃದುವಾದ ಪದಾರ್ಥದ್ದು. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳು ಇದರ ತೌರುಮನೆಯೆಂದು ಹೇಳುವುದು ವಾಡಿಕೆ. ಆದರೆ ಅದರ ಅಜ್ಜನ ಮನೆ ಅಟ್ಲಾಂಟಿಕ್ ಸಾಗರದಲ್ಲಿದೆ. 1879ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿಗೆ ಸೇರಿದ ಮದೀರ ದ್ವೀಪದ ಜನರನ್ನು ಕಬ್ಬಿನ ತೋಟಗಳ ಕೂಲಿಗಾಗಿ ಹೊನೊಲುಲು ಬಂದರಿಗೆ ತಂದಿಳಿಸಿತು. ಮನುವೆಲ್ ನುನೆಸ್, ಅಗುಸ್ತೊ ದಿಯಸ್, ಜೋಸೆ ದೊ ಎಸ್ಪಿರಿತೊ ಸಾಂತೊ ಎಂಬ ಮೂವರು ಮರಗೆಲಸದವರು ಅದರಲ್ಲಿದ್ದರು. ತಮ್ಮ ಊರಿನ ಸಣ್ಣ ತಂತಿವಾದ್ಯದ ಮಾದರಿಯಲ್ಲಿ ಅವರು ಹವಾಯಿಯಲ್ಲಿ ಮಾಡಿದ ವಾದ್ಯವೇ ಯುಕುಲೇಲಿಯಾಯಿತು. ಅಲ್ಲಿಯ ಭಾಷೆಯಲ್ಲಿ ‘ಉಕು’ ಎಂದರೆ ಚಿಗಟ, ‘ಲೆಲೆ’ ಎಂದರೆ ಜಿಗಿಯುವುದು. ನುಡಿಸುವವರ ಬೆರಳು ಚಿಗಟದಂತೆ ಜಿಗಿಯುವುದರಿಂದ ಈ ಹೆಸರು ಬಂದಿತೆಂದು ಹೇಳುತ್ತಾರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು ತಮ್ಮ ಹಾಡನ್ನು ಬಿಟ್ಟು ಬರಲಿಲ್ಲ. ಪರಸ್ಥಳದಲ್ಲಿ ಕನ್ನಡ ಓದುತ್ತಿರುವ ನಮಗೆ ಇದು ಅಪರಿಚಿತವಾದ ಸಂಗತಿಯೇನೂ ಅಲ್ಲ.

ಈಗ ಎಡಗೈಯನ್ನು ವಿಚಾರಿಸೋಣ. ತಂತಿಯನ್ನು ಮೆಟ್ಟಿಲುಗಳ ನಡುವೆ ಒತ್ತಿ ಸ್ವರವನ್ನು ನಿರ್ಣಯಿಸುವುದು ಎಡಗೈಯ ಕೆಲಸ. ಯುಕುಲೇಲಿಯಲ್ಲಿ ಹೊಸಬರಿಗೆ ಮೊದಲು ಕಲಿಸುವ ‘ಸಿ’ ಎಂಬ ಸ್ವರಮೇಳಕ್ಕೆ ಒಂದೇ ಬೆರಳು ಸಾಕು: ಉಂಗುರದ ಬೆರಳಿನಿಂದ ಒಂದನೆಯ ತಂತಿಯನ್ನು ಮೂರನೆಯ ಮೆಟ್ಟಿಲಿನ ಹಿಂದೆ ಒತ್ತಬೇಕು. ಬೆರಳು ಬಾಗಿ, ಅದರ ತುದಿ ನೇರವಾಗಿ ಮೇಲಿನಿಂದ ಇಳಿಯಬೇಕು. ಉಗುರು ಉದ್ದವಾಗಿದ್ದರೆ ಏನಾಗುತ್ತದೆ? ತಂತಿಗೆ ಬೆರಳು ತಾಗುವ ಮೊದಲೇ ಉಗುರು ಮರಕ್ಕೆ ತಾಗುತ್ತದೆ. ಆಗ ಬೆರಳು ತಾನಾಗಿ ಅಡ್ಡಕ್ಕೆ ಮಲಗುತ್ತದೆ. ಮಲಗಿದ ಬೆರಳು ಪಕ್ಕದ ತಂತಿಯನ್ನೂ ಮುಟ್ಟಿ ಅದರ ಬಾಯಿ ಕಟ್ಟುತ್ತದೆ. ಎರಡು ಬೆರಳು ಬೇಕಾಗುವ ‘ಎಫ್’ ಸ್ವರಮೇಳಕ್ಕೆ ಬಂದಾಗ ತೊಡಕು ಇಮ್ಮಡಿಯಾಗುತ್ತದೆ. ಕೈಗೆ ಸಂಗೀತ ಬಾರದೆಂದು ಮಗು ಅಳುತ್ತದೆ, ವಾದ್ಯ ಕೆಟ್ಟದೆಂದು ತಂದೆ ಅಂಗಡಿಯವನ ಮೇಲೆ ಕೋಪಿಸಿಕೊಳ್ಳುತ್ತಾರೆ. ದೋಷ ಮಾತ್ರ ಎರಡು ಮಿಲಿಮೀಟರ್ ಉಗುರಿನದು.

ಪರೀಕ್ಷೆ ಸುಲಭ. ಎಡಗೈಯ ಅಂಗೈಯನ್ನು ಮುಖದ ಕಡೆಗೆ ತಿರುಗಿಸಿ, ಬೆರಳುಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಬೆರಳಿನ ತುದಿಯಾಚೆಗೆ ಉಗುರು ಇಣುಕಿ ಕಂಡರೆ ಅದು ಹೆಚ್ಚಾಯಿತು. ಇನ್ನೊಂದು ಪರೀಕ್ಷೆಯಿದೆ: ಬೆರಳನ್ನು ಬಾಗಿಸಿ ಮೇಜಿನ ಮೇಲೆ ನೇರವಾಗಿ ಊರಿ. ಮೊದಲು ತಾಗಿದ್ದು ಚರ್ಮವಾದರೆ ಸರಿ, ‘ಟಕ್’ ಎಂದು ಉಗುರು ತಾಗಿದರೆ ಕತ್ತರಿಸಬೇಕು. ಆದರೆ ಮಾಂಸದವರೆಗೆ ಕತ್ತರಿಸಬೇಡಿ. ಅಂಥ ಬೆರಳಿನಿಂದ ತಂತಿಯನ್ನು ಒತ್ತಿದರೆ ಕಣ್ಣಲ್ಲಿ ನೀರು ಬರುತ್ತದೆ. ಮೊದಲ ಕೆಲವು ವಾರ ಬೆರಳ ತುದಿ ಹೇಗೂ ನೋಯುವುದುಂಟು. ಚರ್ಮ ದಡ್ಡುಗಟ್ಟಿದ ಮೇಲೆ ಅದು ಇಲ್ಲವಾಗುತ್ತದೆ. ಅಲ್ಲಿಯವರೆಗೆ ದಿನಕ್ಕೆ ಕಾಲು ಗಂಟೆಯ ಅಭ್ಯಾಸ ಸಾಕು.

ಎಡಗೈಯ ಉಗುರು ಗಿಡ್ಡವಾಗಿರಬೇಕೆಂಬ ನಿಯಮಕ್ಕೆ ಒಂದು ಸ್ವಾರಸ್ಯವಾದ ಅಪವಾದವಿದೆ. ಅದು ಸರೋದ್. ಈ ವಾದ್ಯಕ್ಕೆ ಮೆಟ್ಟಿಲುಗಳೇ ಇಲ್ಲ. ನುಣುಪಾದ ಲೋಹದ ಹಲಗೆಯ ಮೇಲೆ ತಂತಿಯನ್ನು ಒತ್ತಿ ಜಾರಿಸಬೇಕು. ಚರ್ಮದಿಂದ ಒತ್ತಿದರೆ ನಾದ ಮೊಂಡಾಗುತ್ತದೆಂದು ಅನೇಕರು ಎಡಗೈಯ ಉಗುರಿನ ಅಂಚಿನಿಂದಲೇ ಒತ್ತುತ್ತಾರೆ. ಕೆಲವರು ಉಗುರು ಮತ್ತು ಬೆರಳ ತುದಿ ಎರಡನ್ನೂ ಸೇರಿಸಿ ಒತ್ತುತ್ತಾರೆ. ಉಕ್ಕಿನ ತಂತಿ ಉಗುರಿನಲ್ಲಿ ಗೀರು ಕೊರೆಯುವುದರಿಂದ ಅವರು ಉಗುರನ್ನು ಆಗಾಗ ಅರದಿಂದ ಉಜ್ಜಿಕೊಳ್ಳುತ್ತಿರಬೇಕು. ಬಲಗೈಯಲ್ಲಿ ಮಾತ್ರ ತೆಂಗಿನ ಕರಟದ ಚೂರಿನಿಂದ ಮಾಡಿದ ಸಾಧನವನ್ನು ಹಿಡಿದು ಮೀಟುತ್ತಾರೆ. ಈ ವಾದ್ಯದಲ್ಲಿ ಕನ್ನಡಿಗರ ಹೆಸರು ಬೆಳಗಿಸಿದ ಪಂಡಿತ ರಾಜೀವ ತಾರಾನಾಥರು (1932–2024) ಬೆಂಗಳೂರಿನಲ್ಲಿ ಹುಟ್ಟಿದವರು, ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೂ ಆಗಿದ್ದವರು, ಅಲಿ ಅಕ್ಬರ್ ಖಾನರ ಶಿಷ್ಯರು.

ಇನ್ನು ಬಲಗೈ. ಇಲ್ಲಿ ಪಂಡಿತರಲ್ಲೇ ಭಿನ್ನಾಭಿಪ್ರಾಯವಿದೆ. ನಮ್ಮ ವೀಣೆಗೆ ಮೆಟ್ಟಿಲುಗಳ ಮೇಲೆ ಹಾಯುವ ತಂತಿ ನಾಲ್ಕು, ಪಕ್ಕದಲ್ಲಿ ತಾಳಕ್ಕಾಗಿ ಮೂರು. ತೋರುಬೆರಳು, ನಡುಬೆರಳುಗಳು ನಾಲ್ಕು ತಂತಿಗಳನ್ನು ಮೀಟುತ್ತವೆ. ಕಿರುಬೆರಳು ತಾಳದ ತಂತಿಗಳನ್ನು ಮೀಟುತ್ತದೆ. ಕೆಲವರು ಇದಕ್ಕಾಗಿ ಉಗುರು ಬೆಳೆಸುತ್ತಾರೆ. ಕೆಲವರು ಲೋಹದ ತಂತಿಯನ್ನು ಬಾಗಿಸಿ ಮಾಡಿದ, ಉಂಗುರದಂಥ ಸಾಧನವನ್ನು ಬೆರಳ ತುದಿಗೆ ತೊಡುತ್ತಾರೆ. ಸಾಧನದಿಂದ ಶಬ್ದ ದೊಡ್ಡದಾಗುತ್ತದೆ, ಉಗುರು ಸವೆಯುವುದಿಲ್ಲ. ಆದರೆ ಲೋಹಕ್ಕೆ ಲೋಹ ತಾಗುವ ಕಿಣಿಕಿಣಿ ಸ್ವಲ್ಪ ಸೇರಿಕೊಳ್ಳುತ್ತದೆ. ಈ ನಗರದ ಜಾರ್ಜ್ ಟೌನಿನಲ್ಲಿ ಬಾಳಿದ ವೀಣೆ ಧನಮ್ಮಾಳ್ (1867–1938) ಅಂಥ ಸಾಧನವನ್ನು ತೊಡದೆ ಬರಿಯ ಕೈಯಿಂದಲೇ ಮೀಟುತ್ತಿದ್ದರು. ಅವರ ನಾದ ಬಲು ಮೆಲುವಾದುದು. ಶುಕ್ರವಾರದ ಸಂಜೆ ಅವರ ಮನೆಯಲ್ಲಿ ಸೇರುತ್ತಿದ್ದ ರಸಿಕರು ಉಸಿರು ಬಿಗಿಹಿಡಿದು ಕೇಳುತ್ತಿದ್ದರಂತೆ. ಮೈಸೂರಿನ ಆಸ್ಥಾನದಲ್ಲಿ ವೀಣೆ ಶೇಷಣ್ಣನವರು (1852–1926) ಬೆಳೆಸಿದ ಸಂಪ್ರದಾಯದ ಹೆಗ್ಗಳಿಕೆಯೆಂದರೆ ಮೀಟಿನ ಸ್ಪಷ್ಟತೆ. ಆ ಸಂಪ್ರದಾಯದ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ ಇಲ್ಲಿಯ ಮ್ಯೂಸಿಕ್ ಅಕಾಡೆಮಿ ಸಂಗೀತ ಕಲಾನಿಧಿ ಪ್ರಶಸ್ತಿಯನ್ನಿತ್ತಿತು.

ಶೇಷಣ್ಣನವರು ಹುಟ್ಟಿದ 1852ರಲ್ಲಿಯೇ ಸ್ಪೇನ್ ದೇಶದಲ್ಲಿ ಫ್ರಾನ್ಸಿಸ್ಕೊ ತಾರೆಗ ಎಂಬ ಗಿಟಾರ್ ವಾದಕ ಹುಟ್ಟಿದನು. ಅವನು ಬಾಳಿನ ಕೊನೆಯ ಭಾಗದಲ್ಲಿ ಉಗುರುಗಳನ್ನೆಲ್ಲ ಕತ್ತರಿಸಿಕೊಂಡು ಬೆರಳಿನ ಮಾಂಸದಿಂದಲೇ ನುಡಿಸಿದನು. ಅವನ ತರುವಾಯ ಬಂದು ಜಗತ್ತಿನಲ್ಲೆಲ್ಲ ಹೆಸರಾದ ಸೆಗೋವಿಯ ಉಗುರು ಮತ್ತು ಮಾಂಸ ಎರಡನ್ನೂ ಬಳಸಿದನು. ಮಾಂಸದ ಮೀಟು ದುಂಡಗೆ, ಮೆತ್ತಗೆ ಕೇಳುತ್ತದೆ. ಉಗುರಿನ ಮೀಟು ತಿಳಿಯಾಗಿ ದೂರಕ್ಕೆ ಹೋಗುತ್ತದೆ. ಒಂದು ಮೇಲು, ಇನ್ನೊಂದು ಕೀಳು ಎಂದು ಹೇಳಲಾಗದು.

ಯುಕುಲೇಲಿಯ ಮಟ್ಟಿಗೆ ವಿಚಾರ ಇನ್ನೂ ಸುಲಭ. ತಂತಿ ಮೃದುವಾದದ್ದರಿಂದ ಹೆಬ್ಬೆರಳಿನ ಮಾಂಸದಿಂದ ಸವರಿದರೂ ಅದು ಚೆನ್ನಾಗಿ ನುಡಿಯುತ್ತದೆ. ತೋರುಬೆರಳಿನಿಂದ ಸವರುವಾಗ ಕೆಳಕ್ಕೆ ಹೋಗುವಾಗ ಉಗುರು ತಾಗುತ್ತದೆ, ಮೇಲಕ್ಕೆ ಬರುವಾಗ ಮಾಂಸ ತಾಗುತ್ತದೆ. ಇದಕ್ಕೆ ಬೆರಳಿನ ತುದಿಯಾಚೆಗೆ ಒಂದರಿಂದ ಎರಡು ಮಿಲಿಮೀಟರ್ ಉಗುರು ಬೇಕಾದಷ್ಟಾಯಿತು. ಅದಕ್ಕಿಂತ ಉದ್ದವಾದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ, ತಾಳ ತಪ್ಪುತ್ತದೆ. ಅಂಗಡಿಯಲ್ಲಿ ಅಂಟಿಸಿಕೊಡುವ ಪ್ಲಾಸ್ಟಿಕ್ ಉಗುರನ್ನು ನೋಡಿ ಆಸೆಪಡುವವರಿಗೆ ನನ್ನದೊಂದು ಮಾತು: ಉಗುರಿನಲ್ಲಿ ಆಗುವ ಕೆಲಸಕ್ಕೆ ಕೊಡಲಿ ಏಕೆ?

ಇಲ್ಲಿ ನಮಗೆ ವಿಶೇಷವಾದ ಒಂದು ಕಷ್ಟವಿದೆ. ಅದನ್ನು ಪರದೇಶದ ಸಂಗೀತಪುಸ್ತಕಗಳಿಂದ ತಿಳಿಯಲಾಗದು. ಸ್ಪೇನಿನವನು ಮುಳ್ಳುಚಮಚದಿಂದ ಉಣ್ಣುತ್ತಾನೆ. ನಾವೋ ಸಾರನ್ನ, ಮೊಸರನ್ನಗಳನ್ನು ಕೈಯಿಂದ ಕಲಸಿ ಉಣ್ಣುವವರು. ಮೀಟುವ ಬಲಗೈಯೇ ಉಣ್ಣುವ ಕೈ! ಮಣ್ಣಿನಲ್ಲಿರುವ ಜಂತುಹುಳುಗಳ ಮೊಟ್ಟೆಗಳು, ಭೇದಿಯ ರೋಗಾಣುಗಳು ಉಗುರಿನ ಸಂದಿಯಲ್ಲಿ ಸೇರಿ ತುತ್ತಿನೊಡನೆ ಹೊಟ್ಟೆಗೆ ಹೋಗುತ್ತವೆ. ಶಾಲೆಗಳಲ್ಲಿ ಉಗುರಿನ ಪರೀಕ್ಷೆ ಹುಟ್ಟಿಕೊಂಡದ್ದು ಇದಕ್ಕಾಗಿ, ಮಕ್ಕಳನ್ನು ಗದರಿಸುವುದಕ್ಕಲ್ಲ.

ಕಳೆದ ವರ್ಷ ಏಳನೆಯ ತರಗತಿಯ ಹುಡುಗಿಯೊಬ್ಬಳ ಹೆಸರು ಮೂರು ಸೋಮವಾರ ಒಂದೇ ಸಮನೆ ಕರಿಹಲಗೆಯ ಮೇಲೆ ಬಿತ್ತು. ಅವಳ ವೀಣೆಯ ಅಧ್ಯಾಪಕಿ ಬಲಗೈಯ ಮೂರು ಬೆರಳುಗಳ ಉಗುರನ್ನು ಬೆಳೆಸಲು ಹೇಳಿದ್ದರು. ತರಗತಿಯ ಆರೋಗ್ಯ ಮಂತ್ರಿಯಾದ ಹುಡುಗ ಅಡಿಕೋಲು ಹಿಡಿದು ಅಳೆದು ತಪ್ಪೆಂದು ಬರೆದನು. ನಾಲ್ಕನೆಯ ವಾರ ಅವಳು ಉಗುರುಗಳನ್ನು ಮಾಂಸದವರೆಗೆ ಕತ್ತರಿಸಿಕೊಂಡು ಬಂದಳು. ಆ ವಾರ ವೀಣೆಯ ಪಾಠವಾಗಲಿಲ್ಲ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ, ನಿಯಮವನ್ನು ಪಾಲಿಸಿದನು. ಆದರೆ ನಿಯಮ ಕೇಳಬೇಕಾದ ಪ್ರಶ್ನೆ ಉಗುರಿನ ಅಡಿಯಲ್ಲಿ ಕೊಳೆಯಿದೆಯೇ ಎಂಬುದು. ಗಿಡ್ಡ ಉಗುರಿನಲ್ಲಿಯೂ ಕೊಳೆ ಇರಬಹುದು. ಈಗ ನಾವು ತರಗತಿಯಲ್ಲಿ ಮಾತನಾಡಿ ಒಪ್ಪಿಕೊಂಡಿರುವುದು ಹೀಗೆ: ತಂತಿವಾದ್ಯ ಕಲಿಯುವವರು ಮೀಟುವ ಬೆರಳುಗಳಲ್ಲಿ ಮಾತ್ರ ಎರಡು ಮಿಲಿಮೀಟರ್ ಮೀರದಂತೆ ಉಗುರು ಇಟ್ಟುಕೊಳ್ಳಬಹುದು. ಆದರೆ ಅದರ ಒಳಬದಿ ಬಿಳಿದಾಗಿರಬೇಕು; ಬಣ್ಣ ಹಚ್ಚಕೂಡದು, ಏಕೆಂದರೆ ಬಣ್ಣದ ಕೆಳಗೆ ಕೊಳೆ ಕಾಣದು.

ಶುಚಿಗೊಳಿಸುವ ಬಗೆಯನ್ನೂ ಹೇಳಬೇಕು. ಊಟಕ್ಕೆ ಮೊದಲು, ಶೌಚದ ನಂತರ ಸೋಪು ಹಾಕಿ ಇಪ್ಪತ್ತು ಎಣಿಸುವಷ್ಟು ಹೊತ್ತು ಕೈ ತೊಳೆಯಿರಿ. ಹಳೆಯ ಹಲ್ಲುಜ್ಜುವ ಬ್ರಷ್ಷೊಂದನ್ನು ಇದಕ್ಕೆಂದೇ ಬಚ್ಚಲಲ್ಲಿಟ್ಟು ಉಗುರಿನ ಅಡಿಯನ್ನು ಉಜ್ಜಿರಿ. ಕಂಪಾಸಿನ ಮೊನೆಯಿಂದ ಕೊಳೆ ತೆಗೆಯುವ ಅಭ್ಯಾಸ ನಮ್ಮ ಹುಡುಗರಲ್ಲಿದೆ. ಇದು ಬಲು ಕೆಟ್ಟದ್ದು. ಉಗುರು ಮಾಂಸದಿಂದ ಬೇರೆಯಾಗಿ ಕೊಳೆ ಇನ್ನೂ ಒಳಕ್ಕೆ ಸೇರುತ್ತದೆ. ಹಲ್ಲಿನಿಂದ ಕಚ್ಚುವವರಿಗೆ ಉಗುರುಸುತ್ತು ಬರುವುದುಂಟು. ಬಂದರೆ ನಿಂಬೆಹಣ್ಣಿನಲ್ಲಿ ಬೆರಳು ತೂರಿಸಿ ಕುಳಿತಿರಬೇಡಿ. ಕೀವು ಕಂಡಕೂಡಲೇ ವೈದ್ಯರಿಗೆ ತೋರಿಸಿ.

ಸ್ನಾನವಾದ ಮೇಲೆ ಉಗುರು ನೀರು ಹೀರಿ ಮೆತ್ತಗಿರುತ್ತದೆ; ಕತ್ತರಿಸಲು ಅದು ಒಳ್ಳೆಯ ಸಮಯ. ಅಂಚನ್ನು ಉಜ್ಜಿ ನಯ ಮಾಡುವುದು ಮಾತ್ರ ಒಣಗಿದ ಮೇಲೆ. ನೇಲ್‌ಕಟ್ಟರಿನಲ್ಲಿರುವ ಅರ ಸಾಮಾನ್ಯವಾಗಿ ಒರಟು. ಈ ಊರಿನ ಬಡಗಿಗಳು ‘ಉಪ್ಪುತ್ತಾಳ್’ ಎನ್ನುವ ಮರಳುಕಾಗದದಲ್ಲಿ ಅತಿ ನುಣುಪಾದದ್ದನ್ನು ಆರಿಸಿ, ಬೆರಳ ತುದಿಯ ದುಂಡನ್ನೇ ಅನುಸರಿಸಿ ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಉಗುರು ಪದರುಪದರಾಗಿ ಸೀಳುವುದಿಲ್ಲ. ಅಂಚಿನಲ್ಲಿ ಸಣ್ಣ ಸಿಬಿರಿದ್ದರೂ ಅದು ತಂತಿಗೆ ತೊಡರುತ್ತದೆ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೆಲಸ ಮಾಡುವ ಮಕ್ಕಳ ಉಗುರು ನೆನೆದು ಒಣಗಿ ಬೇಗ ಒಡೆಯುತ್ತದೆ. ಅವರು ರಾತ್ರಿ ಮಲಗುವಾಗ ಬುಡಕ್ಕೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಚ್ಚಲಿ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂದು ಅಜ್ಜಿಯಂದಿರು ಹೇಳುವರಲ್ಲವೆ? ಎಣ್ಣೆಯ ದೀಪದ ಮಂದಬೆಳಕಿನಲ್ಲಿ ಬೆರಳು ಕೊಯ್ದುಕೊಳ್ಳುವ ಭಯ ಅದರ ಹಿಂದೆ ಇದ್ದೀತು. ಇಂದು ವಿದ್ಯುದ್ದೀಪವಿದೆ, ಆದರೂ ಭಾನುವಾರ ಬೆಳಗ್ಗೆ ತೆಗೆದರೆ ಅಜ್ಜಿಗೂ ಸಂತೋಷ, ಸೋಮವಾರದ ಪರೀಕ್ಷೆಗೂ ಅನುಕೂಲ.

ಕೊನೆಗೆ ಒಂದು ಲೆಕ್ಕ. ಕೈಯುಗುರು ತಿಂಗಳಿಗೆ ಸುಮಾರು ಮೂರು ಮಿಲಿಮೀಟರ್, ಎಂದರೆ ಹತ್ತು ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಗೆ ಬರಲು ಆರು ತಿಂಗಳು ಬೇಕು. ವಾರ್ಷಿಕೋತ್ಸವಕ್ಕೆ ಹದಿನೈದು ದಿನ ಇರುವಾಗ ನಿಮ್ಮ ತೋರುಬೆರಳಿನ ಉಗುರು ಚರ್ಮದ ಮಟ್ಟಕ್ಕೆ ಮುರಿಯಿತೆನ್ನಿ. ಆ ದಿನಕ್ಕೆ ಒಂದೂವರೆ ಮಿಲಿಮೀಟರ್ ಬಂದಿರುತ್ತದೆ, ಧೈರ್ಯವಾಗಿ ನುಡಿಸಬಹುದು. ಐದೇ ದಿನ ಇದ್ದರೆ ಅರ್ಧ ಮಿಲಿಮೀಟರ್ ಮಾತ್ರ. ಆಗ ಯುಕುಲೇಲಿಯವರು ನಡುಬೆರಳಿನಿಂದಲೋ ಹೆಬ್ಬೆರಳಿನ ಮಾಂಸದಿಂದಲೋ ಸವರಲು ಅಂದಿನಿಂದಲೇ ಅಭ್ಯಾಸ ಮಾಡಬೇಕು. ವೀಣೆಯವರು ಒಂದು ಬೆರಳಿನ ನಾದ ತಿಳಿಯಾಗಿ, ಇನ್ನೊಂದರದು ಮಂದವಾಗಿ ಕೇಳದಂತೆ ಉಳಿದ ಉಗುರುಗಳನ್ನೂ ಅದೇ ಮಟ್ಟಕ್ಕೆ ತಂದು, ಬರಿಯ ಬೆರಳಿನಿಂದ ಮೀಟಿ ನೋಡಲಿ.