ರೆಗ್ಯುಲೇಟರ್ ತಿರುಗಿಸೋ ಮೊದಲು ಮೋಟಾರ್ ಯಾವುದು ನೋಡಿ

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಅಂತ ನಾವು ನಾಲ್ಕು ಜನ ಗುಜರಿಯಿಂದ ಅರ್ಧ ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಒಂದನ್ನು ತಂದ್ವಿ. ವೇಗ ಕಡಿಮೆ ಮಾಡೋಕೆ ಡಿಮ್ಮರ್ ಹಾಕಿದ್ವಿ. ಫ್ಯಾನ್‌ಗೆ ಆಗತ್ತೆ, ಇದಕ್ಕೆ ಯಾಕೆ ಆಗಲ್ಲ ಅನ್ನೋದು ನಮ್ಮ ಲಾಜಿಕ್. ಮೊದಲು ಗುಂಯ್ ಅಂತ ಸದ್ದು, ಆಮೇಲೆ ಸುಟ್ಟ ವಾಸನೆ! ಲ್ಯಾಬ್ ಸರ್ ಓಡಿ ಬಂದು ಸ್ವಿಚ್ ಆಫ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವ ಮೋಟಾರು?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದು ಇಲ್ಲಿದೆ.

ಯೂನಿವರ್ಸಲ್ ಮೋಟಾರ್

ಮಿಕ್ಸಿ, ಕೈ ಡ್ರಿಲ್‌ಗಳಲ್ಲಿ ಇರೋದು ಇದೇ. ಕಾರ್ಬನ್ ಬ್ರಷ್ ಇರತ್ತೆ. ವೋಲ್ಟೇಜ್ ಇಳಿಸಿದರೆ ವೇಗವೂ ಇಳಿಯತ್ತೆ. ಹಾಗಾಗಿ ಇದಕ್ಕೆ ಟ್ರಯಾಕ್ ಇರುವ ಸರ್ಕ್ಯೂಟ್ ಸಾಕು.

ಇಂಡಕ್ಷನ್ ಮೋಟಾರ್

ಇದರ ಸಿಂಕ್ರೊನಸ್ ವೇಗ = 120 × ಫ್ರೀಕ್ವೆನ್ಸಿ ÷ ಪೋಲ್‌ಗಳ ಸಂಖ್ಯೆ. 50 ಹರ್ಟ್ಸ್, 4 ಪೋಲ್ ಅಂದ್ರೆ 1500 ಆರ್‌ಪಿಎಂ. ರೋಟರ್ ಸ್ವಲ್ಪ ಹಿಂದೆ, ಸುಮಾರು 1440ರಲ್ಲಿ ತಿರುಗತ್ತೆ. ಗಮನಿಸಿ, ಈ ಸೂತ್ರದಲ್ಲಿ ವೋಲ್ಟೇಜ್ ಇಲ್ಲವೇ ಇಲ್ಲ! ವೋಲ್ಟೇಜ್ ಅರ್ಧ ಮಾಡಿದರೆ ಟಾರ್ಕ್ ಕಾಲು ಭಾಗಕ್ಕೆ ಬೀಳತ್ತೆ. ಆದರೆ ಲೋಡ್ ಹಾಗೇ ಇರತ್ತೆ. ರೋಟರ್ ತಡವರಿಸಿ ಹೆಚ್ಚು ಕರೆಂಟ್ ಎಳೆದು ಬಿಸಿಯಾಗತ್ತೆ.

ನಮ್ಮ ಮೋಟಾರ್‌ಗೆ ಸೆಂಟ್ರಿಫ್ಯೂಗಲ್ ಸ್ವಿಚ್ ಬೇರೆ ಇತ್ತು. ವೇಗ ಬಿದ್ದಾಗ ಅದು ಮತ್ತೆ ಕೂಡಿಕೊಂಡು, ಕೆಲವೇ ಸೆಕೆಂಡ್ ಕೆಲಸ ಮಾಡಬೇಕಾದ ಸ್ಟಾರ್ಟಿಂಗ್ ವೈಂಡಿಂಗ್‌ಗೆ ಕರೆಂಟ್ ಕೊಡುತ್ತಲೇ ಇತ್ತು. ಸುಟ್ಟಿದ್ದು ಅದೇ.

ಹಾಗಾದ್ರೆ ಸೀಲಿಂಗ್ ಫ್ಯಾನ್?

ಸಾಮಾನ್ಯ ಸೀಲಿಂಗ್ ಫ್ಯಾನಿನದೂ ಇಂಡಕ್ಷನ್ ಮೋಟಾರೇ. ಆದರೆ ಗಾಳಿಯ ಲೋಡ್ ವೇಗದ ವರ್ಗದಂತೆ ಇಳಿಯತ್ತೆ: ಅರ್ಧ ವೇಗಕ್ಕೆ ಕಾಲು ಟಾರ್ಕ್ ಸಾಕು. ಹೆಚ್ಚು ಸ್ಲಿಪ್ ತಡೆಯೋ ಹಾಗೆ ರೋಟರ್ ಮಾಡಿರ್ತಾರೆ. ಸೆಂಟ್ರಿಫ್ಯೂಗಲ್ ಸ್ವಿಚ್ಚೂ ಇರಲ್ಲ.

ತ್ರೀ ಫೇಸ್ ಆದರೆ

ಇಲ್ಲಿ ವಿಎಫ್‌ಡಿ ಬಳಸಿ ಫ್ರೀಕ್ವೆನ್ಸಿಯನ್ನೇ ಬದಲಿಸಬಹುದು. 25 ಹರ್ಟ್ಸ್ ಕೊಟ್ಟರೆ ಸಿಂಕ್ರೊನಸ್ ವೇಗ 750. ಜೊತೆಗೆ ವೋಲ್ಟೇಜ್ ಕೂಡ ಅರ್ಧ ಆಗಬೇಕು, ಇಲ್ಲಾಂದ್ರೆ ಕೋರ್ ಸ್ಯಾಚುರೇಟ್ ಆಗತ್ತೆ. ವಿಎಫ್‌ಡಿ ಇದನ್ನು ತಾನೇ ನೋಡಿಕೊಳ್ಳತ್ತೆ. ತುಂಬಾ ಹೊತ್ತು ನಿಧಾನವಾಗಿ ಓಡಿಸೋದಾದ್ರೆ ಎಚ್ಚರ: ಮೋಟಾರಿನ ಕೂಲಿಂಗ್ ಫ್ಯಾನ್ ಅದೇ ಶಾಫ್ಟ್ ಮೇಲಿರತ್ತೆ, ಅದೂ ನಿಧಾನವಾಗತ್ತೆ.

ಕೊನೆಗೆ ನಾವು ಮಾಡಿದ್ದು

ಮೋಟಾರನ್ನು ರೀವೈಂಡಿಂಗ್ ಮಾಡಿಸಿ, ಅದಕ್ಕೆ 2 ಇಂಚಿನ ಪುಲ್ಲಿ, ಓಡಬೇಕಾದ ಶಾಫ್ಟ್‌ಗೆ 6 ಇಂಚಿನ ಪುಲ್ಲಿ ಹಾಕಿ ಬೆಲ್ಟ್ ಕಟ್ಟಿದ್ವಿ. 1440 ಹೋಗಿ ಸುಮಾರು 480 ಆಯ್ತು. ಮೋಟಾರ್ ಮಾತ್ರ ತನ್ನ ವೇಗದಲ್ಲೇ ತಣ್ಣಗೆ ಓಡ್ತಾ ಇದೆ. ನೀವೂ ವೈರ್ ಮುಟ್ಟೋ ಮೊದಲು ನೇಮ್‌ಪ್ಲೇಟ್ ಓದಿ. ನಾವು ಓದಿರಲಿಲ್ಲ.