ಮಲೆಯ ದಾರಿಗೆ ಹಳೆಯ ಜೀಪು

ನಮ್ಮ ಜಿಲ್ಲೆಯ ಕಾಫಿಯನ್ನು ಕುರಿತು ಬರೆಯುವವರು, ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮೆನ್ ದೇಶದಿಂದ ತಂದರೆಂದು ಪ್ರತೀತಿಯಿರುವ ಏಳು ಬೀಜಗಳಿಂದ ಪ್ರಾರಂಭಿಸುವುದು ವಾಡಿಕೆ. ಗಿಡದ ಕಥೆ ಹೀಗೆ ಎಲ್ಲರಿಗೂ ತಿಳಿದಿದೆ. ಆದರೆ ಗಿಡದಿಂದ ಕಿತ್ತ ಹಣ್ಣು ಕಣಕ್ಕೂ, ಕಣದ ಮೂಟೆ ಟಾರು ರಸ್ತೆಗೂ ಬಂದು ಸೇರುವುದು ಹೇಗೆಂಬುದನ್ನು ಯಾರೂ ಅಷ್ಟಾಗಿ ವಿಚಾರಿಸಿದಂತೆ ಕಾಣುವುದಿಲ್ಲ. ಬಾಬಾಬುಡನ್‌ಗಿರಿಯ ಮಗ್ಗುಲಿನ ತೋಟಗಳಲ್ಲಿಯೂ, ಮೂಡಿಗೆರೆ ಕಳಸಗಳ ಒಳಹಳ್ಳಿಗಳಲ್ಲಿಯೂ ಈ ಕೆಲಸವನ್ನು ಬಹುಕಾಲದಿಂದ ಹೊತ್ತುಕೊಂಡು ಬಂದಿರುವುದು ಜೀಪು. ಗೊಬ್ಬರದ ಚೀಲ, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೊರಟ ರೋಗಿ, ಎಲ್ಲರಿಗೂ ಅದೇ ವಾಹನ.

ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ಇಪ್ಪತ್ತು ವರ್ಷ ಬೇರೆಯವರ ತೋಟದಲ್ಲಿ ಜೀಪು ಓಡಿಸಿದವರು. ಕಳೆದ ಮಳೆಗಾಲದಲ್ಲಿ ಅವರು ಸ್ವಂತಕ್ಕೊಂದು ಹಳೆಯ ಜೀಪನ್ನು ಕೊಂಡು ರಿಪೇರಿ ಮಾಡಿಸಿದಾಗ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೈಯಲ್ಲಿ ಹಣ ಕಡಿಮೆಯಿರುವಾಗ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎಂಬ ಪ್ರಶ್ನೆ ಅರ್ಥಶಾಸ್ತ್ರದ್ದೇ ಆದುದರಿಂದ, ಆ ಲೆಕ್ಕದಿಂದ ನಾನು ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಮುಟ್ಟುವ ವಾಹನವೊಂದು ಬೇಕೆಂದು ಕೇಳಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೊದಲನೆಯದನ್ನು ಮಾಡಿಕೊಟ್ಟಿತು. ಅನಂತರ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಮ್ಮ ದೇಶದಲ್ಲಿ ಮುಂಬಯಿಯ ಮಹೀಂದ್ರ ಕಂಪನಿ 1947ರಲ್ಲಿ ಈ ಉದ್ಯಮಕ್ಕೆ ಕೈಹಾಕಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿಯನ್ನು ಅದು ದಶಕಗಳ ಕಾಲ ಇಲ್ಲಿ ತಯಾರಿಸಿತು. ಮಲೆನಾಡಿನಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಜೀಪುಗಳಲ್ಲಿ ಅನೇಕವು ಆ ವಂಶಕ್ಕೆ ಸೇರಿದವು.

ಯುದ್ಧಕಾಲದ ವಿಲ್ಲೀಸ್ ಜೀಪಿನ ಅಗಲ ಐದು ಅಡಿ ಎರಡು ಅಂಗುಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಅಂಗುಲ. ಎಂಜಿನ್ನಿನ ಶಕ್ತಿ ಕೇವಲ 60 ಅಶ್ವಶಕ್ತಿ. ಇಂದಿನ ಚಿಕ್ಕ ಕಾರುಗಳಲ್ಲಿಯೂ ಇಷ್ಟು ಶಕ್ತಿಯಿದೆ. ಆದರೂ ಆ ಕಾರು ತೋಟದ ಏರನ್ನು ಹತ್ತಲಾರದು, ಜೀಪು ಹತ್ತುವುದು. ಇದರ ರಹಸ್ಯ ಗೇರಿನಲ್ಲಿದೆ. ಸಿಜೆ ಮಾದರಿಯಲ್ಲಿ ಮೊದಲನೆಯ ಗೇರು ಎಂಜಿನ್ನಿನ ವೇಗವನ್ನು ಸುಮಾರು 2.8 ಪಟ್ಟು ಇಳಿಸುತ್ತದೆ. ಟ್ರಾನ್ಸ್‌ಫರ್ ಕೇಸಿನ ಲೋ ಗೇರು ಅದನ್ನು ಮತ್ತೆ 2.46 ಪಟ್ಟು, ಆಕ್ಸಲಿನ ಹಲ್ಲುಗಳು ಮತ್ತೆ 5.38 ಪಟ್ಟು ಇಳಿಸುತ್ತವೆ. ಮೂರನ್ನೂ ಗುಣಿಸಿದರೆ 37 ಬರುವುದು. ಎಂದರೆ ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದೇ ಸುತ್ತು ತಿರುಗುತ್ತದೆ. ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಂಡರೆ ಗಾಡಿ ಗಂಟೆಗೆ ಮೂರು ಕಿಲೋಮೀಟರಿನಷ್ಟೂ ಹೋಗುವುದಿಲ್ಲ. ಮನುಷ್ಯ ನಡೆಯುವುದಕ್ಕಿಂತ ನಿಧಾನ! ಕಳೆದುಕೊಂಡ ವೇಗವೆಲ್ಲ ಎಳೆಯುವ ಬಲವಾಗಿ ಚಕ್ರಕ್ಕೆ ಬರುತ್ತದೆ. ಜೀಪಿನ ಸಾಮರ್ಥ್ಯವೆಂದರೆ ನಿಧಾನವಾಗಿ ಹೋಗುವ ಸಾಮರ್ಥ್ಯ. ಇದನ್ನು ಮರೆತವರೇ ಹಳೆಯ ಜೀಪಿಗೆ ಸಲ್ಲದ ಖರ್ಚು ಮಾಡುವುದು.

ಕಳಸದ ಆಚೆ ನಮಗೆ ಮೂರು ಎಕರೆ ಕಾಫಿಯಿದೆ. ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರಿನ ಮಣ್ಣಿನ ದಾರಿ. ನಡುವೆ ಒಂದು ಹಳ್ಳ, ಎರಡು ಕಡಿದಾದ ಏರು. ಕೊಯ್ಲಿನ ಕಾಲದಲ್ಲಿ ಬಾಡಿಗೆ ಗಾಡಿಗೆ ಕೊಡುವ ಹಣ ಒಂದು ಕಡೆಯಾದರೆ, ಮಳೆಗಾಲದಲ್ಲಿ ಕಾಯಿಲೆ ಬಿದ್ದ ಅಜ್ಜಿಯನ್ನು ಕಂಬಳಿಯ ಜೋಲಿಯಲ್ಲಿ ನಾಲ್ಕು ಜನ ಹೊತ್ತು ರಸ್ತೆಗೆ ತಂದ ನೆನಪು ಇನ್ನೊಂದು ಕಡೆ. ಅಪ್ಪ ಕೊಂಡದ್ದು ಸಿಜೆ-3ಬಿ ಮಾದರಿಯ ಮಹೀಂದ್ರ; ಹಿಂದಿನ ಮಾಲೀಕರು ಡೀಸೆಲ್ ಎಂಜಿನ್ ಕೂಡಿಸಿ ಆರ್.ಸಿ.ಯಲ್ಲಿಯೂ ನಮೂದು ಮಾಡಿಸಿದ್ದರು. ಗಾಡಿಯ ಬೆಲೆ ಕೊಟ್ಟಮೇಲೆ ರಿಪೇರಿಗೆ ಉಳಿದದ್ದು ಎಂಬತ್ತು ಸಾವಿರ ರೂಪಾಯಿ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗುವುದರೊಳಗೆ ಗಾಡಿ ಹೊರಡಬೇಕಾಗಿತ್ತು.

ಚಿಕ್ಕಪ್ಪನ ಮಗ ದೊಡ್ಡ ಟೈರು ಹಾಕಿಸಿ ಗಾಡಿಯನ್ನು ಎತ್ತರಿಸಬೇಕೆಂದ. ಗ್ಯಾರೇಜಿನ ಹಿರಿಯ ಮೆಕ್ಯಾನಿಕರು ನಕ್ಕು, "ಹತ್ತುವುದಕ್ಕೆ ಯಾವ ಗಾಡಿಯಾದರೂ ಹತ್ತುತ್ತದೆ ತಮ್ಮಾ, ಇಳಿಸುವುದು ಹೇಗೆ ಅಂತ ಮೊದಲು ಹೇಳು" ಎಂದರು. ಅವರು ಕೈಗೆ ಸುತ್ತಿಗೆ ತೆಗೆದುಕೊಂಡು ಮೊದಲು ಗಾಡಿಯ ಅಡಿಗೆ ಹೋದರು.

ಮಲೆನಾಡಿನ ಗಾಡಿಗೆ ಮೊದಲ ಶತ್ರು ತುಕ್ಕು. ಚಾಸಿಯ ಉದ್ದನೆಯ ತೊಲೆಗಳೊಳಗೆ ಕೆಸರು ಸೇರಿ ವರ್ಷಗಟ್ಟಲೆ ಒದ್ದೆಯಾಗಿಯೇ ಉಳಿಯುವುದರಿಂದ ಲೋಹ ಒಳಗಿನಿಂದ ಸವೆಯುತ್ತದೆ. ಹೊರಗೆ ಬಣ್ಣ ಮಾತ್ರ ಚೆನ್ನಾಗಿರುತ್ತದೆ. ಸುತ್ತಿಗೆಯಿಂದ ತಟ್ಟುತ್ತ ಹೋದರೆ ಗಟ್ಟಿಯಾದ ಕಡೆ ಗಂಟೆಯಂತೆ ನಾದ ಬರುವುದು, ಕೊಳೆತ ಕಡೆ ಮಡಕೆ ತಟ್ಟಿದಂತೆ ಮಂಕಾದ ಸದ್ದು. ಸ್ಪ್ರಿಂಗನ್ನು ತೂಗುಹಾಕಿರುವ ಕೊಂಡಿಗಳ ಬಳಿಯಲ್ಲಿ ಈ ಸದ್ದು ಬಂದರೆ ಬೇರೆ ಯಾವ ಕೆಲಸವನ್ನೂ ಮೊದಲು ಮಾಡತಕ್ಕದ್ದಲ್ಲ. ನಮ್ಮ ಗಾಡಿಯಲ್ಲಿ ಎರಡು ಕಡೆ ಹೀಗಿತ್ತು. ಕೊಳೆತುದನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆದರು. ಕೊಳೆತುದರ ಮೇಲೆಯೇ ತೇಪೆ ಹಾಕುವುದು ಅಗ್ಗ, ಆದರೆ ಬೆಸುಗೆ ಹಿಡಿಯಲು ಅಲ್ಲಿ ಲೋಹವೇ ಇರುವುದಿಲ್ಲ. ತುಕ್ಕಿಗೆ ಮದ್ದೆಂದು ಹಳೆಯ ಎಂಜಿನ್ ಆಯಿಲನ್ನು ಬಳಿಯುವ ಪದ್ಧತಿ ನಮ್ಮ ಕಡೆ ಇದೆ. ಅದು ರಬ್ಬರಿನ ಬುಷ್ಷುಗಳನ್ನು ಮೆತ್ತಗೆ ಮಾಡಿ ಹಾಳುಮಾಡುತ್ತದೆ, ಮಳೆಗೆ ತೊಳೆದುಹೋಗಿ ಹಳ್ಳವನ್ನೂ ಸೇರುತ್ತದೆ, ನನಗಂತೂ ಒಪ್ಪಿಗೆಯಿಲ್ಲ.

ಎರಡನೆಯದು ಬ್ರೇಕು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಈ ಹಳೆಯ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಆಯಿಲ್ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನಿಂದ, ಒಂದೇ ದಾರಿಯಲ್ಲಿ. ಇಂದಿನ ಗಾಡಿಗಳಲ್ಲಿ ಎರಡು ಬೇರೆ ದಾರಿಗಳಿರುವುದರಿಂದ ಒಂದು ಒಡೆದರೆ ಇನ್ನೊಂದು ಹಿಡಿಯುತ್ತದೆ. ಜೀಪಿನಲ್ಲಿ ಯಾವುದೇ ಒಂದು ರಬ್ಬರ್ ಹೋಸು ಹರಿದರೂ ಪೆಡಲು ನೆಲಕ್ಕೆ ಹೋಗುತ್ತದೆ, ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುತ್ತದೆ. ಮಾಸ್ಟರ್ ಸಿಲಿಂಡರು ಡ್ರೈವರನ ಕಾಲಡಿಯ ತಗಡಿನ ಕೆಳಗೆ ಇರುವುದರಿಂದ ಹಳ್ಳದ ನೀರಿಗೂ ಕೆಸರಿಗೂ ಅದೇ ಮೊದಲು ಸಿಕ್ಕುವುದು. ಹ್ಯಾಂಡ್ ಬ್ರೇಕಾದರೂ ಇದೆಯಲ್ಲ ಎನ್ನಬಹುದು. ಅದು ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನಿಂದ ಹೊರಡುವ ಪ್ರೊಪೆಲ್ಲರ್ ಷಾಫ್ಟನ್ನು. ಆ ಷಾಫ್ಟಿನ ಕೀಲು ಮುರಿದರೆ ಹಿಂದಿನ ಚಕ್ರಗಳ ಮಟ್ಟಿಗೆ ಹ್ಯಾಂಡ್ ಬ್ರೇಕು ಇದ್ದೂ ಇಲ್ಲದಂತೆ. ಆದುದರಿಂದ ರಬ್ಬರ್ ಹೋಸುಗಳು, ಚಕ್ರಗಳ ಸಿಲಿಂಡರಿನ ವಾಷರುಗಳು, ಮಾಸ್ಟರ್ ಸಿಲಿಂಡರು, ಲೈನರುಗಳು ಎಲ್ಲವನ್ನೂ ಹೊಸದಾಗಿ ಹಾಕಿಸಿ, ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ಹದಗೊಳಿಸಿದೆವು. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ನೀರು ಸೇರಿದ ಆಯಿಲು ಉದ್ದನೆಯ ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ಸ್ಪಂಜಿನಂತಾಗುವುದು. ಮಳೆ ಹೆಚ್ಚಿರುವ ನಮ್ಮ ಸೀಮೆಯಲ್ಲಿ ಅದನ್ನು ಕಾಲಕಾಲಕ್ಕೆ ಪೂರ್ತಿ ಬದಲಿಸುವುದು ಅಗತ್ಯ.

ಇಷ್ಟೆಲ್ಲ ಮಾಡಿದರೂ ಇಳಿಯುವಾಗ ನೆಚ್ಚಬೇಕಾದದ್ದು ಬ್ರೇಕನ್ನಲ್ಲ. ಹತ್ತಿಸುವ ಲೋ ಗೇರೇ ಗಾಡಿಯನ್ನು ಹಿಡಿದು ಇಳಿಸುವುದು. ಕಾಲು ಬ್ರೇಕು ಅದಕ್ಕೆ ಸಹಾಯ ಮಾತ್ರ. ಹಳ್ಳ ದಾಟಿದ ಕೂಡಲೆ ಡ್ರಮ್ಮಿನೊಳಗೆ ನೀರಿರುವುದರಿಂದ ಬ್ರೇಕು ಹಿಡಿಯುವುದಿಲ್ಲ. ಸ್ವಲ್ಪ ದೂರ ಪೆಡಲನ್ನು ಮೆಲ್ಲನೆ ಒತ್ತಿಕೊಂಡೇ ಹೋಗಿ ಆ ಶಾಖದಲ್ಲಿ ಒಣಗಿಸಬೇಕು. ಇದನ್ನು ಅಪ್ಪ ನನಗೆ ಚಿಕ್ಕಂದಿನಲ್ಲೇ ಹೇಳಿದ್ದರು. ಕಾರಣ ತಿಳಿದದ್ದು ಡ್ರಮ್ಮು ಬಿಚ್ಚಿ ನೋಡಿದಮೇಲೆ.

ಸ್ಟೇರಿಂಗಿನ ಕೀಲುಗಳು, ಮುಂದಿನ ಚಕ್ರದ ಕಿಂಗ್‌ಪಿನ್ ಬೇರಿಂಗುಗಳು, ಸ್ಪ್ರಿಂಗ್ ಪ್ಲೇಟುಗಳ ಬುಷ್ಷು, ಕ್ಲಚ್ ಪ್ಲೇಟು, ಇವುಗಳ ವಿಷಯ ದೀರ್ಘವಾಗಿ ಹೇಳಬೇಕಾದದ್ದಿಲ್ಲ. ಸವೆದುದನ್ನು ಬದಲಿಸಬೇಕು, ಅಷ್ಟೆ. ಹೊಸದು ಸಿಕ್ಕದ ಕೆಲವು ಸಾಮಾನುಗಳಿಗೆ ಅಪ್ಪ ಬೆಂಗಳೂರಿನ ಶಿವಾಜಿನಗರದ ಗುಜರಿಗೆ ಹೋಗಿಬಂದರು. ಗುಜರಿಯಿಂದ ಗೇರು, ಬ್ರಾಕೆಟ್ಟು, ಲಿವರುಗಳನ್ನು ತರಬಹುದು; ಬ್ರೇಕಿನ ಮತ್ತು ಸ್ಟೇರಿಂಗಿನ ಭಾಗಗಳನ್ನು ಮಾತ್ರ ತರಕೂಡದೆಂಬುದು ಮೆಕ್ಯಾನಿಕರ ಕಟ್ಟುನಿಟ್ಟು. ಅದನ್ನು ನಾವು ಪಾಲಿಸಿದೆವು.

ಇನ್ನು ಟೈರು. ನಾಲ್ಕು ಚಕ್ರಕ್ಕೂ ಬಲ ಹೋಗುವ ಗಾಡಿ ಎಂದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುವುದೆಂದು ತಿಳಿಯಬಾರದು. ಪ್ರತಿಯೊಂದು ಆಕ್ಸಲಿನಲ್ಲಿಯೂ ಡಿಫರೆನ್ಷಿಯಲ್ ಇದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಲು ಅದು ಬೇಕು. ಆದರೆ ಒಂದು ಚಕ್ರ ಗಾಳಿಯಲ್ಲಿ ತೇಲಿದರೆ ಅದೇ ಡಿಫರೆನ್ಷಿಯಲ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಟ್ಟು, ನೆಲದ ಮೇಲಿರುವ ಚಕ್ರಕ್ಕೆ ಬಲ ಸಾಲದಂತೆ ಮಾಡುತ್ತದೆ. ಮುಂದೆ ಎಡಚಕ್ರ, ಹಿಂದೆ ಬಲಚಕ್ರ ಹೀಗೆ ಮೂಲೆಗೆ ಮೂಲೆ ತೇಲಿದರೆ ಜೀಪು ಅಲ್ಲಿಯೇ ನಿಂತಿತು. ಇದಕ್ಕೆ ಲಾಕರ್ ಎಂಬ ಸಾಧನವುಂಟು, ಬೆಲೆ ನಮ್ಮಂಥವರಿಗೆ ಎಟುಕದು. ಖರ್ಚಿಲ್ಲದ ಉಪಾಯವೆಂದರೆ ಕಾಲು ಬ್ರೇಕನ್ನು ಮೆಲ್ಲಗೆ ಒತ್ತುತ್ತ ಆಕ್ಸಿಲರೇಟರ್ ಕೊಡುವುದು. ತೇಲಿದ ಚಕ್ರಕ್ಕೂ ತಡೆ ಬಿದ್ದು ಇನ್ನೊಂದಕ್ಕೆ ಬಲ ಹೋಗುತ್ತದೆ. ಟೈರಿನ ಗಾಳಿಯನ್ನು ಕೆಸರಿನಲ್ಲಿ 18 ಪೌಂಡಿನವರೆಗೆ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುವುದು. ಟಾರು ರಸ್ತೆಗೆ ಬಂದಾಗ ಮತ್ತೆ ತುಂಬಿಸಲು ಕೈಪಂಪು ಜೊತೆಗಿರಬೇಕು. ಜಿಗುಟು ಮಣ್ಣಿನ ಏರಿಗೆ ನಮ್ಮ ಕಡೆಯವರು ಚಕ್ರಕ್ಕೆ ಸರಪಳಿ ಸುತ್ತುತ್ತಾರೆ. ಎರಡೇ ಸರಪಳಿಯಿದ್ದರೆ ಮೂಟೆ ಹೇರಿ ಹತ್ತುವಾಗ ಹಿಂದಿನ ಚಕ್ರಕ್ಕೆ, ಏಕೆಂದರೆ ಭಾರವೆಲ್ಲ ಅಲ್ಲಿ ಕುಳಿತಿರುತ್ತದೆ.

ನಾಲ್ಕು ಟೈರೂ ಒಂದೇ ಅಳತೆಯವಾಗಿರಬೇಕು. ಮುಂದೆ ಹೊಸದು, ಹಿಂದೆ ಸವೆದದ್ದು ಇದ್ದರೆ ಸುತ್ತಳತೆಯಲ್ಲಿ ವ್ಯತ್ಯಾಸ ಬಂದು, ಮುಂದಿನ ಹಿಂದಿನ ಆಕ್ಸಲುಗಳು ಪರಸ್ಪರ ಜಗ್ಗಾಡಿ ಟ್ರಾನ್ಸ್‌ಫರ್ ಕೇಸು ನರಳುತ್ತದೆ. ಒಣಗಿದ ಟಾರು ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿ ಓಡಿಸಬಾರದೆನ್ನುವುದೂ ಇದೇ ಕಾರಣಕ್ಕೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಆ ಜಗ್ಗಾಟ ಸಡಿಲವಾಗುವುದು. ಟಾರಿನ ಮೇಲೆ ಜಾರಲು ಎಡೆಯಿಲ್ಲ.

ಟೈರು ದೊಡ್ಡದು ಮಾಡಿದರೆ ಏನಾಗುತ್ತಿತ್ತೆಂದು ನಾನೇ ಲೆಕ್ಕ ಹಾಕಿ ನೋಡಿದೆ. 28 ಅಂಗುಲದ ಟೈರಿನ ಬದಲು 32 ಅಂಗುಲದ್ದು ಹಾಕಿದರೆ ಒಂದು ಸುತ್ತಿಗೆ ಗಾಡಿ ಏಳರಲ್ಲಿ ಒಂದು ಪಾಲು ಹೆಚ್ಚು ದೂರ ಹೋಗುತ್ತದೆ. ಎಂಟರಲ್ಲಿ ಒಂದು ಪಾಲು ಎಳೆಯುವ ಬಲ ಕಡಿಮೆಯಾದಂತಾಯಿತು. ಬ್ರೇಕಿನ ಹಿಡಿತವೂ ಹಾಗೆಯೇ. ಹಣ ಕೊಟ್ಟು ಲೋ ಗೇರನ್ನು ಕಳೆದುಕೊಳ್ಳುವ ವ್ಯಾಪಾರ! ಗಾಡಿಯ ಎತ್ತರ ಹೆಚ್ಚಿದಷ್ಟೂ ಓರೆಯಾದ ದಾರಿಯಲ್ಲಿ ಮಗುಚುವ ಭಯವೂ ಹೆಚ್ಚು. ಕಾನೂನೂ ಇದಕ್ಕೆ ಎದುರಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯ ಪ್ರಕಾರ ತಯಾರಕರು ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಖಾಸಗಿ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು, ಅನಂತರ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದರಿಂದ, ಹಳೆಯ ಜೀಪು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳುವ ಮೊದಲು ಆರ್.ಸಿ.ಯನ್ನು ಓದುವುದು ಲೇಸು. ಎಂಜಿನ್ ಮೇಲಿನ ನಂಬರೂ ಪುಸ್ತಕದ ನಂಬರೂ ತಾಳೆಯಾಗದಿದ್ದರೆ ಆ ಅಗ್ಗ ಅಗ್ಗವಲ್ಲ.

ನಮ್ಮ ಲೆಕ್ಕ ಹೀಗಾಯಿತು: ಚಾಸಿಯ ಬೆಸುಗೆಗೆ ಮತ್ತು ಟಿಂಕರಿಂಗಿಗೆ ಹದಿನಾರು ಸಾವಿರ, ಬ್ರೇಕಿಗೆ ಹದಿನಾಲ್ಕು, ಸ್ಟೇರಿಂಗಿಗೆ ಹನ್ನೊಂದು, ಸ್ಪ್ರಿಂಗಿಗೆ ಎಂಟು, ಕ್ಲಚ್ಚಿಗೆ ಏಳೂವರೆ, ನಾಲ್ಕು ಟೈರಿಗೆ ಇಪ್ಪತ್ತು. ಉಳಿದ ಮೂರೂವರೆ ಸಾವಿರ ಆಯಿಲು, ಸೀಲು, ವೈರಿಂಗಿಗೆ ಸರಿಹೋಯಿತು. ಎಂಜಿನ್ನಿಗೆ ಕೈಹಚ್ಚಲಿಲ್ಲ, ಅದು ಸ್ವಲ್ಪ ಹೊಗೆ ಬಿಡುತ್ತದೆ, ಆದರೆ ಎಳೆಯುತ್ತದೆ. ಬಣ್ಣಕ್ಕೆ ಹಣ ಉಳಿಯಲಿಲ್ಲವಾಗಿ ಬೆಸೆದ ಕಡೆಗಳಲ್ಲಿ ಕೆಂಪು ಆಕ್ಸೈಡ್ ಬಳಿದಿದೆ. ನೋಡಿದವರು ಇದೇನು ಗಾಡಿ ಎನ್ನುತ್ತಾರೆ.

ಒಂದು ಮಾತನ್ನು ಸೇರಿಸಬೇಕು. ಮಳೆ ಜೋರಾದ ವರ್ಷಗಳಲ್ಲಿ ಕಳಸ ಹೊರನಾಡುಗಳ ನಡುವಿನ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಜೀಪಿದೆಯೆಂಬ ಧೈರ್ಯದಿಂದ ಅಂಥ ನೀರಿಗೆ ಇಳಿಯುವ ಯೋಚನೆ ಯಾರಿಗಾದರೂ ಬರಬಹುದು. ಎಂಜಿನ್ನಿನ ಗಾಳಿ ಎಳೆಯುವ ಬಾಯಿಗೆ ನೀರು ಹೊಕ್ಕರೆ, ಗಾಳಿಯಂತೆ ನೀರು ಒತ್ತಿಸಿಕೊಳ್ಳುವುದಿಲ್ಲವಾಗಿ, ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಬಾಗುತ್ತದೆ; ಡೀಸೆಲ್ ಎಂಜಿನ್ನಿನಲ್ಲಿ ಒತ್ತಡ ಹೆಚ್ಚಾದುದರಿಂದ ಇದು ಇನ್ನೂ ಬೇಗ ಆಗುವುದು. ಅದಕ್ಕಿಂತ ಮೊದಲೇ ಹರಿಯುವ ನೀರು ಹಗುರವಾದ ಗಾಡಿಯನ್ನು ಪಕ್ಕಕ್ಕೆ ತಳ್ಳಿರುತ್ತದೆ. ನಮ್ಮ ಹಳ್ಳದ ಬದಿಯ ಕಲ್ಲಿಗೆ ಅಪ್ಪ ಜೀಪಿನ ಆಕ್ಸಲಿನ ಎತ್ತರಕ್ಕೆ ಬಿಳಿ ಬಣ್ಣದ ಗೆರೆಯೊಂದನ್ನು ಎಳೆದಿದ್ದಾರೆ. ನೀರು ಆ ಗೆರೆಯನ್ನು ಮುಚ್ಚಿದ ದಿನ ಗಾಡಿ ಶೆಡ್ಡಿನಲ್ಲಿಯೇ ಇರುತ್ತದೆ.